ಜಾರುತ್ತಿದ್ದ ಚಪ್ಪಲಿ: ಒಂದು ಸಯಾಟಿಕಾ ಪ್ರಕರಣ

ಆಷಾಢದ ಒಂದು ಬೆಳಗ್ಗೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನ ಕಿಟಕಿಯಿಂದ ನೋಡುತ್ತಿದ್ದೆ. ಆಟೋ ಬಂದು ನಿಂತಿತು. ಒಬ್ಬ ಹೆಂಗಸು ಗಂಡನ ಹೆಗಲು ಹಿಡಿದು, ಒಂದೊಂದೇ ಕಾಲು ನೆಲಕ್ಕೂರಿ ಇಳಿದರು. ಸೊಂಟದಿಂದ ಮೇಲಿನ ಮೈಯೆಲ್ಲ ಎಡಕ್ಕೆ ವಾಲಿತ್ತು. ಮೆಟ್ಟಿಲು ಹತ್ತುವಾಗ ಬಲಗಾಲಿನ ಹವಾಯಿ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಗಂಡ ಅದನ್ನು ಎತ್ತಿಕೊಂಡು ಬಂದು, "ಒಂದು ವಾರದಿಂದ ಇದೇ ಆಗೋಗಿದೆ ಮೇಡಂ, ಚಪ್ಪಲಿ ಸಡಿಲ ಆಗ್ಯದೆ" ಅಂದರು.

ನಾನು ಚಪ್ಪಲಿ ಕೈಗೆ ತೆಗೆದುಕೊಂಡು ನೋಡಿದೆ. ಪಟ್ಟಿ ಬಿಗಿಯಾಗಿಯೇ ಇತ್ತು, ಹೆಚ್ಚೆಂದರೆ ಎರಡು ತಿಂಗಳು ಹಾಕಿದ ಚಪ್ಪಲಿ. ಅವರು ಇನ್ನೂ ಬಾಯಿ ಬಿಟ್ಟು ಒಂದು ಮಾತೂ ಹೇಳಿರಲಿಲ್ಲ, ಆದರೆ ಈ ಪ್ರಕರಣದಲ್ಲಿ ಅತಿ ಮುಖ್ಯವಾದ ಸುಳಿವು ಆಗಲೇ ನನ್ನ ಕೈಯಲ್ಲಿತ್ತು.

ಅವರಿಗೆ 44 ವರ್ಷ. ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಎರಡು ಸೀಮೆಹಸು, ಒಂದು ಕರು, ಸ್ವಲ್ಪ ಹೊಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬೆಳಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವುದು, ಸಗಣಿ ಬಾಚುವುದು, ಹುಲ್ಲು ಕೊಯ್ದು ತರುವುದು ಎಲ್ಲ ಇವರದೇ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಹೆಸರು ಮತ್ತು ಊರು ಬೇಡ. "ಕೂತ್ಕೊಳ್ಳಿ ಅಕ್ಕ" ಅಂದಿದ್ದಕ್ಕೆ, "ನಿಂತೇ ಇರ್ತೀನಿ ಮೇಡಂ. ಕೂತ್ಕಂಡ್ರೆ ಪ್ರಾಣ ಹೋಯ್ತದೆ" ಅಂದರು.

ನೋವು ನಡೆದ ದಾರಿ

ಹನ್ನೆರಡು ದಿನ ಹಿಂದೆ, ಮಳೆಯಲ್ಲಿ ನೆನೆದ ಹಸಿ ಹುಲ್ಲಿನ ಹೊರೆಯನ್ನು ಬಗ್ಗಿ ಎತ್ತಿ, ಹಾಗೇ ಪಕ್ಕಕ್ಕೆ ತಿರುಗಿ ತಲೆಗೇರಿಸುವಾಗ ಸೊಂಟ ಚಳಕ್ ಅಂದಿತ್ತು. ಎರಡು ದಿನ ಸೊಂಟ ಮಾತ್ರ ಹಿಡಿದುಕೊಂಡಿತ್ತು. ಮೂರನೇ ದಿನ ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತಾಗ ನೋವು ಕಾಲಿಗಿಳಿಯಿತು. ವಿಚಿತ್ರವೆಂದರೆ ಕಾಲಿನ ನೋವು ಏರಿದಂತೆ ಸೊಂಟದ ನೋವು ಕಡಿಮೆಯಾಯಿತು. ಮನೆಯವರು ಅದನ್ನು ಗುಣವಾಗುವ ಲಕ್ಷಣ ಅಂದುಕೊಂಡರು.

ಕಾಲು ನೋವು ಅಂತ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ: ಎಲ್ಲಿಂದ ಎಲ್ಲಿಗೆ ಬರುತ್ತೆ, ಬೆರಳಲ್ಲಿ ಗೆರೆ ಎಳೆದು ತೋರಿಸಿ. ಇವರು ತೋರುಬೆರಳನ್ನು ಬಲಗಡೆ ಪಿರ್ರೆಯ ನಡುವೆ ಇಟ್ಟು, ತೊಡೆಯ ಹಿಂಬದಿಯಿಂದ ಹೊರಮಗ್ಗುಲಿಗೆ ತಂದು, ಮಂಡಿಯ ಪಕ್ಕದಲ್ಲಿ ಇಳಿಸಿ, ಮೀನಖಂಡದ ಹೊರಬದಿಯಲ್ಲಿ ಸಾಗಿಸಿ, ಪಾದದ ಮೇಲ್ಭಾಗ ದಾಟಿಸಿ ಹೆಬ್ಬೆರಳಿಗೆ ಮುಟ್ಟಿಸಿದರು. ಎಲ್ಲೂ ಬೆರಳೆತ್ತಲಿಲ್ಲ. "ಕರೆಂಟ್ ಹೊಡೆದಂಗೆ ಹಿಂಗೇ ಇಳೀತದೆ. ಇಲ್ಲಿ ಮಾತ್ರ ಜೋಮು" ಅಂದು ಹೆಬ್ಬೆರಳಿನ ಬುಡ ಮುಟ್ಟಿ ತೋರಿಸಿದರು.

ಸಾಮಾನ್ಯ ಸೊಂಟನೋವಿನವರು ಹೀಗೆ ಗೆರೆ ಎಳೆಯುವುದಿಲ್ಲ. ಅಂಗೈ ಅಗಲಿಸಿ "ಇಲ್ಲೆಲ್ಲಾ" ಅನ್ನುತ್ತಾರೆ. ಗೆರೆ ಎಳೆದರೆ ಅದು ನರದ ಮಾತು. ಸೊಂಟದ ಕಡೆಯಿಂದ ಕಾಲಿಗಿಳಿಯುವ ಈ ನರದ ನೋವಿಗೇ ಸಯಾಟಿಕಾ ಎನ್ನುವುದು. ಚರಕ ಸಂಹಿತೆಯಲ್ಲಿ ಗೃಧ್ರಸಿ ಎಂಬ ರೋಗದ ವರ್ಣನೆಯೂ ಇಂಥ ಗೆರೆಯೇ. ನೋವು ಮೊದಲು ಪಿರ್ರೆಯಲ್ಲಿ, ಆಮೇಲೆ ಸೊಂಟ, ಬೆನ್ನು, ತೊಡೆ, ಮಂಡಿ, ಮೊಣಕಾಲಿನ ಕೆಳಗೆ, ಪಾದ ಎಂದು ಕ್ರಮವಾಗಿ ಇಳಿಯುತ್ತದೆ ಎನ್ನುತ್ತದೆ ಅದು. ಗೃಧ್ರ ಎಂದರೆ ಹದ್ದು, ರಣಹದ್ದು. ಕಾಲೆಳೆದು ನಡೆಯುವ ರೀತಿ ಆ ಹಕ್ಕಿಯ ನಡಿಗೆಯಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ. ಈ "ಕ್ರಮವಾಗಿ" ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಈ ಹೆಂಗಸಿನ ಚಿಕಿತ್ಸೆಯೆಲ್ಲ ಅದೇ ದಾರಿಯಲ್ಲಿ ವಾಪಸ್ ನಡೆಯಿತು.

ನಮ್ಮಲ್ಲಿಗೆ ಬರುವ ಮುಂಚೆ ಏನೇನೋ ಆಗಿತ್ತು. ಕಾಲು ಮುಂದಾಗಿ ಹುಟ್ಟಿದ ಒಬ್ಬರು ಸೊಂಟಕ್ಕೆ ಮೂರು ಸಲ ಕಾಲು ತಾಗಿಸಿ ಉಳುಕು ತೆಗೆದಿದ್ದರು. ಮೆಲ್ಲಗೆ ತಾಗಿಸಿದ್ದರಿಂದ ತೊಂದರೆಯೇನೂ ಆಗಿರಲಿಲ್ಲ. ಆದರೆ ಇನ್ನೊಬ್ಬರು ಎಣ್ಣೆ ತಿಕ್ಕಿ, ಬಲಗಾಲನ್ನು ನೆಟ್ಟಗೆ ಹಿಡಿದು ಜೋರಾಗಿ ಮೇಲಕ್ಕೆ ಜಗ್ಗಿದ್ದರು. ಆವತ್ತು ರಾತ್ರಿ ಅವರು ಚೀರಿಕೊಂಡರಂತೆ. ಊದಿಕೊಂಡ ನರವನ್ನು ಹಾಗೆ ಎಳೆಯುವುದನ್ನು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆಮೇಲೆ ಮೂರು ದಿನ ನೋವಿನ ಇಂಜೆಕ್ಷನ್, ಸೊಂಟಕ್ಕೆ ಬೆಲ್ಟ್, ರಾತ್ರಿ ಒಂದು ನರದ ಮಾತ್ರೆ, ಜೊತೆಗೆ "ಒಂದು ತಿಂಗಳು ಹಾಸಿಗೆ ಬಿಟ್ಟು ಏಳಬೇಡಿ" ಎಂಬ ಸಲಹೆ.

ನಾನು ತಪ್ಪಾಗಿ ಕೇಳಿದ ಪ್ರಶ್ನೆ

ಸಯಾಟಿಕಾದಲ್ಲಿ ತಡ ಮಾಡದೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಬೆನ್ನುಹುರಿ ಮುಗಿದ ಮೇಲೆ ಕೆಳಗಿಳಿಯುವ ನರಗಳ ಗೊಂಚಲಿಗೆ ಲ್ಯಾಟಿನ್‌ನಲ್ಲಿ ಕುದುರೆ ಬಾಲ ಎಂಬರ್ಥದ ಹೆಸರಿದೆ, ಕಾಡಾ ಇಕ್ವೈನಾ. ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ದೊಡ್ಡ ಚೂರು ಈ ಗೊಂಚಲನ್ನೇ ಅದುಮಿದರೆ ಮೂತ್ರಕೋಶ, ಮಲದ್ವಾರ, ಜನನಾಂಗದ ನರಗಳು ಸೋಲುತ್ತವೆ. ಆಗ ಗಂಟೆಗಳ ಲೆಕ್ಕ. ಶಸ್ತ್ರಚಿಕಿತ್ಸೆ ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು.

ನಾನು ಗಂಡನ ಎದುರಿಗೇ "ಮೂತ್ರ ವಿಸರ್ಜನೆಗೆ ಏನಾದರೂ ತೊಂದರೆ ಇದೆಯಾ?" ಅಂತ ಪುಸ್ತಕದ ಭಾಷೆಯಲ್ಲಿ ಕೇಳಿದೆ. ಅವರು ತಲೆತಗ್ಗಿಸಿ "ಇಲ್ಲ" ಅಂದರು. ನಾನು ಇಲ್ಲ ಅಂತಲೇ ಬರೆದುಕೊಂಡೆ. ಅರ್ಧ ಗಂಟೆ ಬಿಟ್ಟು, ಪರದೆ ಎಳೆದು ಮಂಚದ ಮೇಲೆ ಮಗ್ಗುಲಾಗಿಸುವಾಗ ಅವರಾಗಿಯೇ ಮೆಲ್ಲಗೆ ಹೇಳಿದರು: "ಒಂದಕ್ಕೆ ದಿನಕ್ಕೆರಡೇ ಸಲ ಹೋಗ್ತಿರೋದು ಮೇಡಂ." ನನ್ನ ಎದೆ ಧಸಕ್ಕೆಂದಿತು.

ಹೊಸದಾಗಿ ಕೇಳತೊಡಗಿದೆ, ಈ ಸಲ ಅವರ ಮಾತಿನಲ್ಲಿ. ಒಂದಕ್ಕೆ ಬಂದಿದೆ ಅಂತ ಗೊತ್ತಾಗುತ್ತಾ? ಕೂತ ತಕ್ಷಣ ಬರುತ್ತಾ, ಮುಕ್ಕಬೇಕಾ? ಗೊತ್ತಿಲ್ಲದೇ ಸೀರೆ ಒದ್ದೆಯಾಗಿದ್ದುಂಟಾ? ತೊಳೆದುಕೊಳ್ಳುವಾಗ ನೀರು ತಾಗಿದ್ದು ಎರಡೂ ಕಡೆ ಗೊತ್ತಾಗುತ್ತಾ? ಮಣೆ ಮೇಲೆ ಕೂತರೆ ಮಣೆಗೆ ತಾಗುವ ಜಾಗದಲ್ಲಿ ಜೋಮು ಇದೆಯಾ? ಉತ್ತರ ನಿಧಾನವಾಗಿ ಹೊರಬಂತು. ಎಲ್ಲ ಸರಿಯಾಗಿಯೇ ಗೊತ್ತಾಗುತ್ತಿತ್ತು. ಕುಕ್ಕರುಗಾಲಲ್ಲಿ ಕೂರಲು ಆಗದ್ದಕ್ಕೆ ಹೆದರಿ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬೆಳಗ್ಗೆ ಅರ್ಧ ಲೋಟ ಕಾಫಿ, ಊಟದ ಜೊತೆ ಒಂದು ಲೋಟ ನೀರು, ಅಷ್ಟೇ.

ಆದರೂ ಊಹೆಯ ಮೇಲೆ ಬಿಡುವ ವಿಷಯ ಇದಲ್ಲ. ಅದೇ ದಿನ ಮೂಳೆ ತಜ್ಞರ ಹತ್ತಿರ ಕಳಿಸಿದೆ. ಅವರು ಪರೀಕ್ಷೆ ಮಾಡಿ, ಮೂತ್ರ ಮಾಡಿದ ಮೇಲೆ ಮೂತ್ರಕೋಶದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್ ಮಾಡಿಸಿದರು. ಉಳಿದಿರಲಿಲ್ಲ. ಮನೆಗೆ ಹೋದ ಮೇಲೆ ಮಗ ಪ್ಲಾಸ್ಟಿಕ್ ಕಮೋಡ್ ಕುರ್ಚಿಯೊಂದನ್ನು ತಂದುಕೊಟ್ಟ. ಆ ಮನೆಯಲ್ಲಿ ಯಾವ ಮಾತ್ರೆಗಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಆ ಕುರ್ಚಿ. ಅವರು ಮತ್ತೆ ಹೊಟ್ಟೆ ತುಂಬ ನೀರು ಕುಡಿದರು. ಅಂದಿನಿಂದ ಈ ಪ್ರಶ್ನೆಯನ್ನು ನಾನು ಹೆಂಗಸರಿಗೆ ಒಂಟಿಯಾಗಿ, "ಒಂದಕ್ಕೆ" ಎಂಬ ಮಾತಿನಲ್ಲೇ ಕೇಳುತ್ತೇನೆ.

ಇನ್ನುಳಿದ ಪ್ರಶ್ನೆಗಳಿಗೆ ಉತ್ತರ ಸಲೀಸಾಗಿತ್ತು. ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು, ಮನೆಯಲ್ಲಿ ಕ್ಷಯ, ಹಿಂದೆ ಕ್ಯಾನ್ಸರ್, ಬಿದ್ದು ಪೆಟ್ಟಾದದ್ದು ಯಾವುದೂ ಇರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆತು ಸೊಂಟನೋವು ನೋಡುವಂತಿಲ್ಲ.

ಹೆಬ್ಬೆರಳಿನ ಪರೀಕ್ಷೆ

ಅಂಗಾತ ಮಲಗಿಸಿ, ಮಂಡಿ ಮಡಿಸದೆ ಬಲಗಾಲನ್ನು ಎತ್ತಿದೆ. 35 ಡಿಗ್ರಿ ಬರುವಷ್ಟರಲ್ಲಿ ಹೆಬ್ಬೆರಳಿನವರೆಗೆ ಮಿಂಚು ಹೊಡೆಯಿತು. ನೋವಿಲ್ಲದ ಎಡಗಾಲನ್ನು ಎತ್ತಿದಾಗಲೂ ನೋವು ಬಲಗಾಲಿನಲ್ಲೇ ಬಂತು. ಡಿಸ್ಕು ಜಾರಿ ನರದ ಬುಡಕ್ಕೆ ತಾಗಿದೆ ಎಂಬ ಅನುಮಾನವನ್ನು ಬಹಳ ಗಟ್ಟಿ ಮಾಡುವ ಲಕ್ಷಣ ಇದು.

ಆಮೇಲೆ ಎರಡೂ ಹೆಬ್ಬೆರಳನ್ನು ಮೂಗಿನ ಕಡೆಗೆ ಎತ್ತಿ ಹಿಡಿಯಲು ಹೇಳಿ, ನನ್ನ ಬೆರಳಿಂದ ಕೆಳಕ್ಕೆ ಒತ್ತಿದೆ. ಎಡದ್ದು ಕಲ್ಲಿನಂತೆ ನಿಂತಿತು, ಬಲದ್ದು ಸ್ವಲ್ಪ ಹೊತ್ತು ತಡೆದು ಮಣಿಯಿತು. ನಮ್ಮ ಅಳತೆಯಲ್ಲಿ 5ಕ್ಕೆ 4. ಹಿಮ್ಮಡಿಯ ಮೇಲೆ ನಡೆಸಿದಾಗ ಬಲ ಪಾದದ ಮುಂಭಾಗ ನಾಲ್ಕನೇ ಹೆಜ್ಜೆಗೆ ನೆಲಕ್ಕೆ ಬಿತ್ತು. ತುದಿಗಾಲಲ್ಲಿ ಚೆನ್ನಾಗಿಯೇ ನಡೆದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದಾಗ ಪಾದ ಸರಿಯಾಗಿ ಜಿಗಿಯಿತು.

ಚಪ್ಪಲಿಯ ಗುಟ್ಟು ಇಲ್ಲಿತ್ತು. ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಬೇಕಾದರೆ ಹೆಜ್ಜೆ ಎತ್ತುವಾಗಲೆಲ್ಲ ಪಾದವೂ ಬೆರಳುಗಳೂ ಮೇಲಕ್ಕೆ ಸೆಟೆಯಬೇಕು, ಉಂಗುಷ್ಠವನ್ನು ಹಿಡಿದುಕೊಳ್ಳಬೇಕು. ಆ ಕೆಲಸದ ಬಹುಪಾಲು ಎಲ್5 ಎಂಬ ನರದ ಬುಡದ್ದು. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕು ಜಾರಿದರೆ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಇದೇ ಬುಡ. ಜೋಮು, ಬಲ ಕಡಿಮೆಯಾದದ್ದು, ಬೆರಳಲ್ಲಿ ಎಳೆದ ಗೆರೆ ಮೂರೂ ಒಂದೇ ವಿಳಾಸ ಹೇಳುತ್ತಿದ್ದವು.

ಸಯಾಟಿಕ್ ನರ ಒಂದೇ ಎಳೆಯಲ್ಲ. ಸೊಂಟದ ಕೊನೆಯ ಎರಡು ಮತ್ತು ಅದರ ಕೆಳಗಿನ ತ್ರಿಕೋನದ ಮೂಳೆ ತ್ರಿಕಾಸ್ಥಿಯ ಮೊದಲ ಮೂರು, ಒಟ್ಟು ಐದು ಬುಡಗಳು ಸೇರಿ ಹೆಬ್ಬೆರಳು ಗಾತ್ರಕ್ಕೆ ಹೊಸೆದುಕೊಂಡ ಹಗ್ಗ ಅದು. ದೇಹದಲ್ಲೇ ಅತಿ ದಪ್ಪ ನರ. ಈ ನೋವು ಕೀಲಿನದ್ದಲ್ಲ, ನರದ್ದೇ ಎಂದು ಇಟಲಿಯ ನೇಪಲ್ಸಿನ ವೈದ್ಯ ದೊಮೆನಿಕೊ ಕೊತುನ್ಯೊ 1764ರಲ್ಲಿ ಬರೆದ. ಆದರೆ ನರಕ್ಕೆ ಪೀಡೆ ಕೊಡುವುದು ಜಾರಿದ ಡಿಸ್ಕು ಎಂದು ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಸ್ಪಷ್ಟವಾಗಿ ತೋರಿಸುವ ಹೊತ್ತಿಗೆ 1934 ಆಗಿತ್ತು.

ಅಕ್ಕನಿಗೆ ನಾನು ಹೋಳಿಗೆಯ ಲೆಕ್ಕದಲ್ಲಿ ಹೇಳಿದೆ. ಡಿಸ್ಕಿಗೂ ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ವರ್ಷಗಟ್ಟಲೆ ಬಗ್ಗಿ ಎತ್ತಿ ಕಣಕ ಒಂದು ಕಡೆ ಸವೆದಿರುತ್ತದೆ, ಒಂದು ದಿನ ಹರಿದು ಹೂರಣ ಹೊರಬರುತ್ತದೆ. ಹೊರಬಂದದ್ದು ನರವನ್ನು ಒತ್ತುವುದಷ್ಟೇ ಅಲ್ಲ, ಅದರಲ್ಲಿರುವ ರಾಸಾಯನಿಕಗಳು ನರದ ಬುಡಕ್ಕೆ ಉರಿಯೂತ ಹಚ್ಚುತ್ತವೆ. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ಡಿಸ್ಕಿನ ಒಳತಿರುಳನ್ನು ಅವುಗಳದೇ ನರಕ್ಕೆ ಸವರಿ ನೋಡಿದರು. ಒತ್ತಡವೇ ಇಲ್ಲದೆ ನರ ಹಾಳಾಯಿತು. ನೋವಿನ ಜೋರಿಗೂ ಜಾರಿದ ಚೂರಿನ ಗಾತ್ರಕ್ಕೂ ತಾಳೆಯಾಗದೆ ಇರಲು ಇದು ಒಂದು ಕಾರಣ.

"ಆ ಹೂರಣನ ಒಳಿಕ್ಕೆ ತಳ್ಳಕಾಗಕಿಲ್ವಾ ಮೇಡಂ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ತಳ್ಳಲು ಆಗುವುದಿಲ್ಲ, ತಳ್ಳಿ ಕೂರಿಸುತ್ತೇನೆ ಅನ್ನುವವರನ್ನು ನಂಬಬೇಡಿ ಅಂದೆ. ಆದರೆ ದೇಹವೇ ಅದನ್ನು ಹೊರಗಿನ ವಸ್ತು ಎಂದು ಬಗೆದು ತಿಂದು ಕರಗಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಆಪರೇಷನ್ ಇಲ್ಲದೆ ತಾನಾಗಿ ಕುಗ್ಗಿದ್ದು ಬರೀ ಉಬ್ಬಿದ ಡಿಸ್ಕುಗಳಲ್ಲಿ ಶೇ. 13, ಮುಂಚಾಚಿದವುಗಳಲ್ಲಿ ಶೇ. 41, ಹರಿದು ಹೊರಬಂದವುಗಳಲ್ಲಿ ಶೇ. 70, ತುಂಡಾಗಿ ಬೇರ್ಪಟ್ಟವುಗಳಲ್ಲಿ ಶೇ. 96. ಚಿತ್ರದಲ್ಲಿ ಹೆಚ್ಚು ಭಯಂಕರವಾಗಿ ಕಾಣುವುದೇ ಹೆಚ್ಚು ಕರಗುತ್ತದೆ. ಈ ಮಾತು ಕೇಳಿದ ಮೇಲೆ ಅವರ ಮುಖದಲ್ಲಿ ಮೊದಲ ಸಲ ಸ್ವಲ್ಪ ಗೆಲುವು ಕಂಡಿತು.

ಮೂರು ಡಿಸ್ಕು ಹೋದ ರಿಪೋರ್ಟು

ಎಲ್ಲ ಸಯಾಟಿಕಾಕ್ಕೂ ಎಂಆರ್‌ಐ ಬೇಡ. ಇವರಿಗೆ ಕಾಲಿನ ಬಲ ಕುಂದಿದ್ದರಿಂದ ತಜ್ಞರು ಮಾಡಿಸಿದರು. ಎರಡು ಬಟವಾಡೆಯ ಹಾಲಿನ ದುಡ್ಡು ಅದಕ್ಕೇ ಹೋಯಿತು. ರಿಪೋರ್ಟಿನಲ್ಲಿ ಮೂರು ಕಡೆ ಡಿಸ್ಕು ಉಬ್ಬಿದೆ, ಸವೆದಿದೆ ಎಂದಿತ್ತು. ನಾಲ್ಕು-ಐದರ ನಡುವೆ ಬಲಕ್ಕೆ ಹರಿದು ಹೊರಬಂದಿದೆ, ಎಲ್5 ಬುಡಕ್ಕೆ ಒತ್ತಿದೆ ಎಂದಿತ್ತು. ಮಗ ಅದನ್ನು ಫೋನಿನಲ್ಲಿ ಓದಿ ಕಂಗಾಲಾದ. ಊರಿನಲ್ಲಿ "ಮೂರು ಡಿಸ್ಕು ಹೋಗ್ಯವಂತೆ, ಇನ್ನು ಕೆಲಸ ಮಾಡಂಗಿಲ್ವಂತೆ" ಎಂದು ಸುದ್ದಿಯಾಯಿತು. ಅತ್ತೆ ಹಸು ಮಾರುವ ಮಾತೆತ್ತಿದರು.

ನನಗೆ ಇಲ್ಲಿ ಬೇಸರವಿದೆ. ರಿಪೋರ್ಟನ್ನು ಕೈಗೆ ಕೊಡುವವರು ಇನ್ನೆರಡು ವಾಕ್ಯ ಹೇಳಿ ಕೊಡಬೇಕು. ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಬಂತು. ಅವರಲ್ಲಿ ಶೇ. 52 ಜನರಿಗೆ ಒಂದಾದರೂ ಡಿಸ್ಕು ಉಬ್ಬಿತ್ತು, ಶೇ. 27 ಜನರಿಗೆ ಮುಂಚಾಚಿತ್ತು. ತಲೆಗೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ. ಅಕ್ಕನ ಮೂರು ಡಿಸ್ಕುಗಳಲ್ಲಿ ಅವರು ಬೆರಳಲ್ಲಿ ಎಳೆದ ಗೆರೆಗೆ ತಾಳೆಯಾಗುವುದು ಒಂದೇ. ಉಳಿದೆರಡು ಹೆಚ್ಚು ಕಡಿಮೆ ನನಗೂ ಇರಬಹುದು, ನಿಮಗೂ ಇರಬಹುದು.

ಆಪರೇಷನ್ ಬೇಕೋ ಬೇಡವೋ ಎಂಬುದನ್ನು ತಜ್ಞರು ನೇರವಾಗಿ ಮಾತಾಡಿದರು. ಬೆರಳಿನ ಬಲ 4 ಇದೆ, ಇಳಿಯುತ್ತಿಲ್ಲ, ಕಾಯಬಹುದು. 3ಕ್ಕೆ ಇಳಿದರೆ, ಪಾದ ನೇತಾಡಿದರೆ, ಒಂದಕ್ಕೆ ಎರಡಕ್ಕೆ ತೊಂದರೆಯಾದರೆ ರಾತ್ರಿಯಾದರೂ ಬನ್ನಿ ಅಂದರು. ನೆದರ್ಲೆಂಡ್ಸಿನಲ್ಲಿ ತೀವ್ರ ಸಯಾಟಿಕಾದ 283 ಜನರನ್ನು ಬೇಗ ಆಪರೇಷನ್ ಮತ್ತು ಕಾದು ನೋಡುವುದು ಎಂದು ಎರಡು ಗುಂಪು ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೀರ್ಮಾನಕ್ಕೆ ಆಧಾರ. ಬೇಗ ಆಪರೇಷನ್ ಆದವರು ಸರಾಸರಿ 4 ವಾರದಲ್ಲಿ, ಕಾದವರು 12 ವಾರದಲ್ಲಿ ಚೇತರಿಸಿಕೊಂಡರು. ಕಾದವರಲ್ಲಿ ಶೇ. 39 ಜನ ವರ್ಷದೊಳಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆದರೆ ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ. 95 ಜನ ಗುಣವಾಗಿದ್ದೇವೆ ಎಂದಿದ್ದರು. ಹಾಗಾಗಿ ಆಪರೇಷನ್ ಕೊಡುವುದು ಮುಖ್ಯವಾಗಿ ವೇಗವನ್ನು. ನೋವು ತಡೆಯಲಾಗದವರಿಗೆ, ಬಲ ಕುಸಿಯುತ್ತಿರುವವರಿಗೆ ಆ ವೇಗ ಬೇಕೇ ಬೇಕು. ಆಪರೇಷನ್ನೇ ಬೇಡ ಎಂದು ಹಟ ಹಿಡಿಯುವವರ ಪೈಕಿ ನಾನಲ್ಲ.

ಔಷಧಿ ಬರೆಯುವುದು ನನ್ನ ಕೆಲಸವಲ್ಲ, ಆದರೆ ಒಂದು ಸಂಗತಿ ಹೇಳಬೇಕು. ಮೊದಲು ಕೊಟ್ಟಿದ್ದ ನರದ ಮಾತ್ರೆ ಪ್ರಿಗಾಬಾಲಿನ್. ಅದನ್ನು ನುಂಗಿದ ಮೇಲೆ ಅವರಿಗೆ ತಲೆ ಸುತ್ತು ಬರುತ್ತಿತ್ತು. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಗೋಡೆ ಹಿಡಿದು ಬೀಳುವುದು ತಪ್ಪಿತ್ತು. ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳಿಗೆ ಇದೇ ಔಷಧಿ ಅಥವಾ ಬರೀ ಹುಸಿಮಾತ್ರೆ ಕೊಟ್ಟು ನೋಡಿದ 2017ರ ಅಧ್ಯಯನದಲ್ಲಿ ಕಾಲುನೋವು ಎರಡರಲ್ಲೂ ಒಂದೇ ರೀತಿ ಇಳಿಯಿತು, ತಲೆಸುತ್ತು ಮಾತ್ರ ಪ್ರಿಗಾಬಾಲಿನ್‌ನಲ್ಲಿ ಹೆಚ್ಚಿತ್ತು. ತಜ್ಞರು ಅದನ್ನು ಸ್ವಲ್ಪಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಇಂಥ ಮಾತ್ರೆಯನ್ನು ನಾವಾಗಿ ಒಮ್ಮೆಲೇ ಬಿಡಬಾರದು. ಸಾಮಾನ್ಯ ನೋವಿನ ಮಾತ್ರೆಯನ್ನು ಊಟದ ಮೇಲೆ, ಕೆಲವೇ ದಿನಕ್ಕೆ ಕೊಟ್ಟರು.

ಹಾಲಿನ ಲೆಕ್ಕದ ಪುಸ್ತಕ

ಚಿಕಿತ್ಸೆಯ ಮೊದಲ ಕೆಲಸ ಅವರನ್ನು ಹಾಸಿಗೆಯಿಂದ ಎಬ್ಬಿಸುವುದು. ಸಯಾಟಿಕಾಕ್ಕೆ ಎರಡು ವಾರ ಹಾಸಿಗೆ ಹಿಡಿಸಿದವರನ್ನೂ ಓಡಾಡಿಕೊಂಡಿದ್ದವರನ್ನೂ ಹೋಲಿಸಿದ ನೆದರ್ಲೆಂಡ್ಸಿನ ಅಧ್ಯಯನ 1999ರಲ್ಲೇ ಬಂದಿದೆ. 12 ವಾರಗಳ ಕೊನೆಗೆ ಎರಡೂ ಕಡೆ ಶೇ. 87 ಜನ ಸುಧಾರಿಸಿದ್ದರು, ಮಲಗಿದವರಿಗೆ ಲಾಭವಾಗಿರಲಿಲ್ಲ. ಮನೆಯಿಂದ ಅರಳಿಕಟ್ಟೆಯವರೆಗೆ ಐದು ನಿಮಿಷ, ದಿನಕ್ಕೆ ನಾಲ್ಕು ಸಲ ನಡೆಯಲು ಹೇಳಿದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿಕೊಳ್ಳಿ ಅಂದೆ. ಎಡವಿ ಬಿದ್ದರೆ ಇನ್ನೊಂದು ರಾಮಾಯಣ.

ಎರಡನೆಯದು, ಯಾವ ಕಡೆ ಬಗ್ಗಿದರೆ ನೋವು ಮೇಲಕ್ಕೆ ಸರಿಯುತ್ತದೆ ಎಂದು ಹುಡುಕುವುದು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಗೆ 1956ರಲ್ಲಿ ಇದು ಅಕಸ್ಮಾತ್ತಾಗಿ ಗೊತ್ತಾಯಿತು. ಕಾಲುನೋವಿನ ರೋಗಿಯೊಬ್ಬ ತಲೆಯ ಕಡೆ ಎತ್ತಿದ್ದ ಮಂಚದ ಮೇಲೆ ತಪ್ಪು ತಿಳಿದು ಬೋರಲು ಮಲಗಿಬಿಟ್ಟಿದ್ದ. ಸೊಂಟ ಹಿಂದಕ್ಕೆ ಬಾಗಿದ ಆ ಭಂಗಿಯಲ್ಲಿ ಅವನ ಕಾಲುನೋವು ಮಾಯವಾಗಿತ್ತು. ಅಕ್ಕನಿಗೆ ಮೊದಲು ವಾಲಿದ ಸೊಂಟವನ್ನು ಗೋಡೆಗೆ ಹೆಗಲು ಆನಿಸಿ ಮೆಲ್ಲಗೆ ನೇರ ಮಾಡಿಸಿದೆ. ಆಮೇಲೆ ಚಾಪೆಯ ಮೇಲೆ ಬೋರಲು, ಐದು ನಿಮಿಷ. ಮೊದಲ ಎರಡು ನಿಮಿಷ ಹಲ್ಲು ಕಚ್ಚಿದರು. ಮೂರನೇ ನಿಮಿಷಕ್ಕೆ "ಬೆರಳಿಂದು ಬಿಡ್ತು ಮೇಡಂ, ಮೀನಖಂಡದಲ್ಲಿ ನಿಂತದೆ" ಅಂದರು. ಆಮೇಲೆ ಮೊಣಕೈ ಊರಿ ಎದೆ ಎತ್ತುವುದು, ಅಂಗೈ ಊರಿ ಎತ್ತುವುದು, ಹತ್ತು ಸಲ, ಎರಡು ಮೂರು ಗಂಟೆಗೊಮ್ಮೆ. ಇದು ಎಲ್ಲರಿಗೂ ಒಪ್ಪುವುದಿಲ್ಲ. ಬೋರಲು ಮಲಗಿದಾಗ ನೋವು ಕೆಳಕ್ಕಿಳಿದರೆ ಅಲ್ಲಿಗೇ ನಿಲ್ಲಿಸಬೇಕು. ವಯಸ್ಸಾಗಿ ನರದ ದಾರಿಯೇ ಕಿರಿದಾದವರಿಗೆ ಹಿಂದಕ್ಕೆ ಬಾಗುವುದೇ ನೋವು, ಅವರ ವ್ಯಾಯಾಮ ಬೇರೆ.

ಅತ್ತೆಯ ಎದುರು ನಡುಮನೆಯಲ್ಲಿ ಬೋರಲು ಮಲಗಲು ಅವರಿಗೆ ಸಂಕೋಚ. ಕೋಣೆಯಲ್ಲಿ ಚಾಪೆ ಹಾಕಿ ಬಾಗಿಲು ಹಾಕಿಕೊಳ್ಳಿ, ಅತ್ತೆಗೆ ನಾನೇ ಹೇಳುತ್ತೇನೆ ಎಂದು ಫೋನ್ ಮಾಡಿದೆ.

ದೊಡ್ಡ ಪ್ರಶ್ನೆ ಹಸುಗಳದ್ದು. ಆ ಮನೆಯ ಗಂಡಸು ಅಲ್ಲಿಯವರೆಗೆ ಕೆಚ್ಚಲಿಗೆ ಕೈ ಹಾಕಿದವರಲ್ಲ. "ನಂಗೆ ಬರಕಿಲ್ಲ" ಅಂದರು. "ಕಲೀರಿ ಅಣ್ಣ, ಆರು ವಾರ" ಅಂದೆ. ಹೊಸ ಕೈಗೆ ಹಸುಗಳು ಮೂರು ದಿನ ಸರಿಯಾಗಿ ಹಾಲು ಬಿಡಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು ಹಸುವಿನ ಬೆನ್ನು ಸವರುತ್ತಾ ಮಾತಾಡಿದ ಮೇಲೆ ಬಿಟ್ಟವು. ಕ್ಯಾನು ಪಕ್ಕದ ಮನೆಯ ಹುಡುಗನ ಬೈಕಿನಲ್ಲಿ ಡೇರಿಗೆ ಹೋಯಿತು. ಅಂಥ ಮನೆಗಳಲ್ಲಿ ಈ ಏರ್ಪಾಡು ಆಗದಿದ್ದರೆ ನನ್ನ ಯಾವ ವ್ಯಾಯಾಮವೂ ನಿಲ್ಲುವುದಿಲ್ಲ ಎಂಬುದು ಇಷ್ಟು ವರ್ಷದಲ್ಲಿ ಕಂಡ ಸತ್ಯ.

ಅವರ ಬಳಿ ಹಾಲಿನ ಲೆಕ್ಕದ ಪುಸ್ತಕವೊಂದಿತ್ತು. ಬೆಳಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು. ಅದರ ಪಕ್ಕದಲ್ಲೇ ಒಂದಕ್ಷರ ಬರೆಯಲು ಹೇಳಿದೆ: ಆವತ್ತು ನೋವು ಎಲ್ಲಿಯವರೆಗೆ ಬಂತು? ಹೆಬ್ಬೆರಳಾದರೆ "ಹೆ", ಮೀನಖಂಡವಾದರೆ "ಮೀ", ತೊಡೆಯಾದರೆ "ತೊ", ಪಿರ್ರೆಯಾದರೆ "ಪಿ", ಸೊಂಟವಾದರೆ "ಸೊ". ಎಷ್ಟು ನೋವು ಎಂದು ಬರೆಯಬೇಡಿ, ಎಲ್ಲಿ ಎಂದು ಮಾತ್ರ ಬರೆಯಿರಿ. ಗಂಡನಿಗೆ ಇನ್ನೊಂದು ಕೆಲಸ ಕಲಿಸಿದೆ. ದಿನಾ ರಾತ್ರಿ ಎರಡೂ ಹೆಬ್ಬೆರಳನ್ನು ಒತ್ತಿ ನೋಡಿ, ಬಲದ್ದು ನಿನ್ನೆಯಷ್ಟೇ ತಡೆದರೆ ಒಂದು ಗೀಟು ಹಾಕುವುದು.

ಮೊದಲ ವಾರ ಪೂರ್ತಿ "ಹೆ". ಎರಡನೇ ವಾರದ ಕೊನೆಗೆ ಬೆಳಗ್ಗೆ "ಮೀ", ಸಂಜೆ "ಹೆ". ನಾಲ್ಕನೇ ವಾರಕ್ಕೆ "ತೊ" ಕಾಣಿಸಿತು. ಆಗ ನರವನ್ನು ಎಳೆಯದೆ ಅದರ ದಾರಿಯಲ್ಲಿ ಮೆಲ್ಲಗೆ ಜಾರಿಸುವ ವ್ಯಾಯಾಮ ಸೇರಿಸಿದೆ. ಕುರ್ಚಿಯಲ್ಲಿ ಕೂತು ಮಂಡಿ ನೇರ ಮಾಡುವಾಗ ತಲೆ ಮೇಲೆತ್ತುವುದು, ಮಡಿಸುವಾಗ ತಲೆ ತಗ್ಗಿಸುವುದು.

ಐದನೇ ವಾರ ಮೈಸೂರಿನಲ್ಲಿ ತಂಗಿ ಮಗಳ ಸೀಮಂತ. ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗಿ ಬಂದರು, ನಾಲ್ಕೈದು ಗಂಟೆ ಮುಂದಕ್ಕೆ ಮುದುಡಿ ಕೂತದ್ದು, ಜೊತೆಗೆ ಕುಲುಕಾಟ. ಪುಸ್ತಕದಲ್ಲಿ ಮತ್ತೆ "ಹೆ". ಮರುದಿನ ಬಂದು ಅತ್ತುಬಿಟ್ಟರು, ಎಲ್ಲ ಮೊದಲಿಂದ ಶುರುವಾಯಿತು ಎಂದು. ಬೆರಳು ಒತ್ತಿ ನೋಡಿದೆ. ಬಲ ಇಳಿದಿರಲಿಲ್ಲ, ಮೊದಲಿಗಿಂತ ಚೂರು ಹೆಚ್ಚೇ ಇತ್ತು. ಬೋರಲು ಮಲಗಿಸಿದೆ, ಹತ್ತು ನಿಮಿಷದಲ್ಲಿ ಮೀನಖಂಡಕ್ಕೆ ಸರಿಯಿತು. ಮೊದಲ ಸಲ ತೊಡೆಯವರೆಗೆ ಬರಲು ನಾಲ್ಕು ವಾರ ಹಿಡಿದಿತ್ತು, ಈ ಸಲ ಮೂರು ದಿನದಲ್ಲಿ "ತೊ" ಬಂತು.

ಆರನೇ ವಾರದಲ್ಲಿ ಆದದ್ದು ಇದಕ್ಕಿಂತ ಅಪಾಯದ್ದು. ಕಾಲು ಹೆಚ್ಚು ಕಡಿಮೆ ಹಗುರಾಯಿತು, ಸೊಂಟ ಮಾತ್ರ ಮೊದಲಿಗಿಂತ ಜೋರಾಗಿ ನೋಯತೊಡಗಿತು. ವ್ಯಾಯಾಮದಿಂದಲೇ ಸೊಂಟ ಕೆಟ್ಟಿತು ಎಂದು ಮನೆಯವರು ತೀರ್ಮಾನಿಸಿ, ಬರೆ ಹಾಕಿಸಲು ಪಕ್ಕದ ಊರಿಗೆ ಹೊರಟಿದ್ದರು. ಆಟೋ ಹತ್ತುವ ಮುಂಚೆ ಅಕ್ಕ ಫೋನ್ ಮಾಡಿದ್ದರಿಂದ ಉಳಿಯಿತು. ಪುಸ್ತಕ ತರಿಸಿ ಅತ್ತೆಯ ಮುಂದೆ ಹಾಳೆ ತಿರುವಿದೆ. ಹೆ, ಮೀ, ತೊ, ಪಿ, ಈಗ ಸೊ. ಇಳಿದ ದಾರಿಯಲ್ಲೇ ಹತ್ತುತ್ತಿದೆ ಅವ್ವಾ, ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತಿದೆ ಅಂದೆ. ಹಿರಿಯರು, ಅಕ್ಷರ ಬಾರದವರು. ಹಾಳೆಯನ್ನು ಬಹಳ ಹೊತ್ತು ನೋಡಿ, ಸೊಸೆಗೆ "ಓಗಿ ಬೋರಲು ಮಲಿಕ್ಕೋ" ಅಂದರು.

ಎಂಟನೇ ವಾರದಿಂದ ಬಲ ಕಟ್ಟುವ ಕೆಲಸ. ಸೊಂಟ ಬಗ್ಗಿಸದೆ ತೊಡೆಯ ಸಂದಿಯಿಂದ ಬಾಗುವುದು, ಖಾಲಿ ಕ್ಯಾನು, ಅರ್ಧ ಕ್ಯಾನು, ಆಮೇಲೆ ಎರಡು ಕೈಯಲ್ಲಿ ಎರಡು ಸಣ್ಣ ಕ್ಯಾನು. ಹುಲ್ಲಿನ ಹೊರೆಯನ್ನು ಎರಡು ಮಾಡಿ, ಮೈಗೆ ಒತ್ತಿಕೊಂಡು ಎತ್ತಿ, ತಿರುಗುವಾಗ ಸೊಂಟ ತಿರುಚದೆ ಪಾದವನ್ನೇ ತಿರುಗಿಸುವುದು. ಸಗಣಿ ಬಾಚಲು ಉದ್ದ ಹಿಡಿಯ ಗುದ್ದಲಿ, ಹಾಲು ಕರೆಯಲು ಒಂದಡಿ ಎತ್ತರದ ಸ್ಟೂಲು. ಸೊಂಟದ ಬೆಲ್ಟು ಮೊಳೆಗೆ ನೇತಾಡತೊಡಗಿತು.

ಹನ್ನೆರಡನೇ ವಾರಕ್ಕೆ ಎರಡೂ ಹೆಬ್ಬೆರಳು ಒಂದೇ ರೀತಿ ತಡೆದವು. ಕಾಲು 75 ಡಿಗ್ರಿಯವರೆಗೆ ನೋವಿಲ್ಲದೆ ಎದ್ದಿತು. ಹಿಮ್ಮಡಿಯ ಮೇಲೆ ಕ್ಲಿನಿಕ್ಕಿನ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಮತ್ತೆ ಎಂಆರ್‌ಐ ಮಾಡಿಸಲಿಲ್ಲ, ಮಾಡಿಸುವ ಅಗತ್ಯವಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆಯ ಮಂಡಿನೋವಿಗೆ ಜೊತೆಯಾಗಿ ಬಂದಿದ್ದರು. ಹವಾಯಿ ಚಪ್ಪಲಿ ಹಾಕಿದ್ದರು. ಹೆಬ್ಬೆರಳಿನ ಬುಡದಲ್ಲಿ ಒಂದು ರೂಪಾಯಿಯಗಲ ಜಾಗ ಇನ್ನೂ ಮರಗಟ್ಟಿದೆ ಅಂದರು. ಹತ್ತಿ ಸವರಿ ನೋಡಿದೆ, ನಿಜ, ಸ್ಪರ್ಶ ಮಂದವಾಗಿತ್ತು. ಅದು ಹೋಗಬಹುದು, ಉಳಿಯಲೂಬಹುದು, ಬಲ ಸರಿಯಿರುವಾಗ ಅದಕ್ಕೆ ಹೆದರಬೇಕಿಲ್ಲ, ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಮಾತ್ರ ಆ ಜಾಗಕ್ಕೆ ಗಾಯವಾಗಿದೆಯಾ ಅಂತ ರಾತ್ರಿ ಒಮ್ಮೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದೆ.